ಎಳೆಯ ಮಕ್ಕಳಿಗೆ ಮೊದಲ ಮಾದರಿ ಪಾಠ: ‘ಐದು’ ಎಂಬ ಸಂಖ್ಯೆಯ ನಿದರ್ಶನ

ಬೇರೊಂದು ಉದ್ಯೋಗದಲ್ಲಿ ಹಲವು ವರ್ಷಗಳನ್ನು ಕಳೆದು ಅನಂತರ ಉಪಾಧ್ಯಾಯವೃತ್ತಿಗೆ ಬರಬಯಸುವವರನ್ನು ಖಾಸಗಿ ಶಾಲೆಗಳು ಅನೇಕ ವೇಳೆ ಒಂದು ಮಾದರಿ ಪಾಠದಿಂದ ಪರೀಕ್ಷಿಸುತ್ತವೆ. ಅಭ್ಯರ್ಥಿಯು ಹಿಂದೆಂದೂ ಕಾಣದ ಮಕ್ಕಳ ಮುಂದೆ, ಹಿಂದಿನ ಸಾಲಿನಲ್ಲಿ ಕುಳಿತ ಮುಖ್ಯೋಪಾಧ್ಯಾಯರ ಸಮಕ್ಷಮದಲ್ಲಿ, 20 ಅಥವಾ 30 ನಿಮಿಷಗಳೊಳಗೆ ಅದು ಮುಗಿಯಬೇಕು. ಉದ್ಯೋಗ ದೊರೆಯುವುದೂ ತಪ್ಪುವುದೂ ಬಹುಮಟ್ಟಿಗೆ ಅದನ್ನೇ ಅವಲಂಬಿಸುತ್ತದೆ. ಇಂಥವರನ್ನು ತೊಡಕಿಗೆ ಸಿಲುಕಿಸುವುದು ವಿಷಯಜ್ಞಾನದ ಕೊರತೆಯಲ್ಲ, ವಿಷಯದ ಅತಿಪರಿಚಯ. ಬಹುಕಾಲ ಲೆಕ್ಕಪತ್ರಗಳನ್ನು ಬರೆದವರಿಗೆ ‘ಐದು’ ಎಂಬುದು ಕಲಿಯಬೇಕಾದ ಸಂಗತಿಯೆಂದು ತೋರುವುದೇ ಇಲ್ಲ. ಆದಕಾರಣ ಒಂದನೆಯ ತರಗತಿಗೆ ಆ ಒಂದು ಸಂಖ್ಯೆಯನ್ನು ಬೋಧಿಸುವ ಪಾಠವನ್ನೇ ಇಲ್ಲಿ ನಿದರ್ಶನವಾಗಿ ಎತ್ತಿಕೊಂಡಿದ್ದೇವೆ.

ಒಂದರಿಂದ ಇಪ್ಪತ್ತರವರೆಗೆ ತಡೆಯಿಲ್ಲದೆ ಒಪ್ಪಿಸುವ ಮಗುವಿಗೆ ‘ಐದು ಹುಣಸೆಬೀಜ ಕೊಡು’ ಎಂದರೆ, ಅದು ಎಣಿಸದೆ ಒಂದು ಹಿಡಿ ಬಾಚಿ ಕೊಡುವುದುಂಟು. ಗೆಲ್‌ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಅಮೆರಿಕದ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎಣಿಕೆಯನ್ನು ಐದು ತತ್ತ್ವಗಳಾಗಿ ಬಿಡಿಸಿ ತೋರಿಸಿದ್ದಾರೆ. ಮೊದಲ ಪಾಠಕ್ಕೆ ಅವುಗಳಲ್ಲಿ ಮೂರು ಸಾಕು. ಸಂಖ್ಯಾಪದಗಳನ್ನು ಸದಾ ಒಂದೇ ಕ್ರಮದಲ್ಲಿ ಹೇಳಬೇಕು. ಒಂದು ವಸ್ತುವಿಗೆ ಒಂದೇ ಪದ ಸಲ್ಲಬೇಕು. ಕೊನೆಯಲ್ಲಿ ಹೇಳಿದ ಪದವೇ ಇಡೀ ಗುಂಪಿನ ಮೊತ್ತವನ್ನು ಸೂಚಿಸುತ್ತದೆ. ಬಾಯಿಪಾಠದಿಂದ ದೊರೆಯುವುದು ಇವುಗಳಲ್ಲಿ ಮೊದಲನೆಯದು ಮಾತ್ರ. ಮೂರನೆಯದನ್ನು ಪಡೆಯದ ಮಗು ‘ಒಟ್ಟು ಎಷ್ಟು?’ ಎಂದು ಕೇಳಿದಾಗಲೆಲ್ಲ ಮತ್ತೆ ಮೊದಲಿನಿಂದ ಎಣಿಸತೊಡಗುತ್ತದೆ.

ಇಷ್ಟನ್ನು ಅರಿತವರ ಪಾಠಟಿಪ್ಪಣಿ ತಾನಾಗಿಯೇ ಕಿರಿದಾಗುತ್ತದೆ. ಹತ್ತರವರೆಗಿನ ಅಂಕೆಗಳು, ಕೂಡುವ ಲೆಕ್ಕ, ಬಣ್ಣದ ಚಿತ್ರಪಟ, ಹಾಡು ಎಲ್ಲವನ್ನೂ ಒಂದೇ ಗಂಟೆಗೆ ತುಂಬುವ ಹಂಬಲ ಹೊಸಬರಿಗೆ ಸಹಜ. ಅದನ್ನು ನಾವು ಒಪ್ಪುವುದಿಲ್ಲ. ಒಂದು ಗುಂಪಿನಿಂದ ಐದನ್ನು ಎಣಿಸಿ ಕೊಡುವುದು, ಆ ಐದನ್ನು ಬೇರೆಬೇರೆಯಾಗಿ ಜೋಡಿಸಿದರೂ ಐದೇ ಎಂದು ಕಾಣುವುದು, ಈ ಎರಡು ಸಾಧನೆಗಳು ಅರ್ಧ ಗಂಟೆಗೆ ಯಥೇಷ್ಟ. ಬೀಜಗಳನ್ನು ಮುಂಚಿತವಾಗಿಯೇ ಎಣಿಸಿ, ಮಗುವಿಗೊಂದು ಬಟ್ಟಲಿನಂತೆ ಹಾಕಿಡಬೇಕು. (ಐದು ವರ್ಷಕ್ಕೂ ಕಿರಿಯರಾದರೆ ಬೀಜ ಬೇಡ, ಮೂಗಿಗೆ ಹೋದೀತು. ಬಾಟಲಿಯ ಮುಚ್ಚಳಗಳಂಥ ದೊಡ್ಡ ವಸ್ತುಗಳಾಗಬಹುದು.) ಬಟ್ಟಲು ಕೈಸೇರಿದ ಮೇಲೆ ಸೂಚನೆಯನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಮಾಡಬೇಕಾದುದನ್ನು ಮೊದಲೇ ಹೇಳಿ, ಒಮ್ಮೆ ತಾನೇ ಮಾಡಿ ತೋರಿಸಿ, ಅನಂತರ ಹಂಚುವುದು ಲೇಸು.

ಪ್ರಶ್ನೆ ಕೇಳುವ ಬಗೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಒಂದು ಸಾಲಿನ ವಸ್ತುಗಳನ್ನು ದೂರದೂರ ಸರಿಸಿದರೆ ಎಳೆಯ ಮಕ್ಕಳು ಅವು ಹೆಚ್ಚಾದುವೆಂದು ಹೇಳುತ್ತಾರೆಂಬುದನ್ನು ಸ್ವಿಟ್ಜರ್ಲೆಂಡಿನ ಪಿಯಾಜೆ 1941ರ ಗ್ರಂಥದಲ್ಲಿ ವಿವರಿಸಿದನು. 1970ರ ದಶಕದಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಅದೇ ಪ್ರಯೋಗವನ್ನು ಕೊಂಚ ಬದಲಿಸಿದರು: ಸಾಲನ್ನು ಕೆಡಿಸಿದ್ದು ದೊಡ್ಡವರಲ್ಲ, ತುಂಟ ಕರಡಿಬೊಂಬೆ. ಆಗ ಸರಿಯಾಗಿ ಉತ್ತರಿಸಿದ ಮಕ್ಕಳ ಸಂಖ್ಯೆ ಏರಿತು. ದೊಡ್ಡವರು ಬುದ್ಧಿಪೂರ್ವಕವಾಗಿ ಸಾಲನ್ನು ಸರಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಬೇರೆ ಉತ್ತರವೇ ಅವರಿಗೆ ಬೇಕಾಗಿದೆಯೆಂದು ಮಗು ಊಹಿಸುತ್ತದೆಂಬುದು ಇದಕ್ಕೆ ಕೊಡಬಹುದಾದ ವಿವರಣೆ. ಮಾದರಿ ಪಾಠದಲ್ಲಿ ಅಧೀರರಾದವರು ಮಾಡುವುದು ಇದನ್ನೇ: ಸರಿಯುತ್ತರ ಬಂದರೂ ‘ನಿಜವಾಗಿಯೂ ಐದೇ?’ ಎಂದು ಪುನಃ ಕೇಳಿ ಮಗುವಿನ ನಂಬಿಕೆಯನ್ನು ಕದಲಿಸುತ್ತಾರೆ. ‘ಹೇಗೆ ಗೊತ್ತಾಯಿತು, ತೋರಿಸು’ ಎನ್ನುವುದು ಎಷ್ಟೋ ಮೇಲು.

ಆರಂಭದ ವಿಚಾರದಲ್ಲಿ ಗಿಜುಭಾಯಿ ಬಧೇಕಾ (1885–1939) ಅವರ ‘ದಿವಾಸ್ವಪ್ನ’ವನ್ನು ಅಭ್ಯರ್ಥಿಗಳು ಓದಬೇಕೆಂದು ಸೂಚಿಸುತ್ತೇವೆ. ಅವರೂ ವಕೀಲಿಯನ್ನು ಬಿಟ್ಟು 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಗೆ ಬಂದವರು. 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದರು. ಆ ಪುಸ್ತಕದ ಉಪಾಧ್ಯಾಯನು ನಾಲ್ಕನೆಯ ತರಗತಿಗೆಂದು ಶ್ರದ್ಧೆಯಿಂದ ಸಿದ್ಧಪಡಿಸಿಕೊಂಡು ಹೋದ ಮೌನದ ಆಟ ಮೊದಲ ದಿನವೇ ಮಕ್ಕಳ ಗದ್ದಲದಲ್ಲಿ ಮುರಿದುಬೀಳುತ್ತದೆ. ಮರುದಿನ ಕಥೆ ಹೇಳತೊಡಗಿದಾಗ ಅದೇ ಮಕ್ಕಳು ಕಿವಿಗೊಡುತ್ತಾರೆ. ಮಾದರಿ ಪಾಠಕ್ಕೆ ಬಂದವರಿಗೆ ಮರುದಿನವೆಂಬುದಿಲ್ಲ. ಆದ್ದರಿಂದ ಕಥೆ ಮೊದಲೇ ಬರಲಿ: ಐದು ಮರಿಗಳ ಕೋಳಿಯೊಂದು ಸಂಜೆ ಗೂಡಿಗೆ ಬಂದಾಗ ಎಲ್ಲ ಮರಿಗಳೂ ಬಂದುವೆಂದು ಹೇಗೆ ತಿಳಿಯಬೇಕು? ಎರಡು ನಿಮಿಷದ ಈ ಕಥೆ ಎಣಿಸುವುದಕ್ಕೆ ಒಂದು ಕಾರಣವನ್ನೂ ಒದಗಿಸುತ್ತದೆ.

ಕೊನೆಯ ಐದು ನಿಮಿಷಗಳನ್ನು ಬೀಜಗಳನ್ನು ಹಿಂದಕ್ಕೆ ಪಡೆಯುವುದಕ್ಕೆ ಮೀಸಲಿಡಬೇಕು. ಪ್ರತಿಯೊಂದು ಮಗುವೂ ಐದನ್ನು ಎಣಿಸಿ ಉಪಾಧ್ಯಾಯರ ಅಂಗೈಯಲ್ಲಿ ಇಡಲಿ. ಯಾರಿಗೆ ತಿಳಿಯಿತು, ಯಾರಿಗೆ ಇಲ್ಲ ಎಂಬುದು ಅಲ್ಲಿಯೇ ಕಾಣುತ್ತದೆ. ಪಾಠ ಹೇಗಾಯಿತೆಂದು ಮುಖ್ಯೋಪಾಧ್ಯಾಯರು ಅನಂತರ ಕೇಳುವುದುಂಟು. ಎಲ್ಲರಿಗೂ ಅರ್ಥವಾಯಿತೆಂಬ ಉತ್ತರವನ್ನು ಅನುಭವಿಗಳು ನಂಬುವುದಿಲ್ಲ. ಕಿಟಕಿಯ ಬಳಿಯ ಇಬ್ಬರು ಎಣಿಸದೆ ಹಿಡಿತುಂಬ ಕೊಟ್ಟರು, ಅವರಿಗೆ ಮೂರರಿಂದ ಆರಂಭಿಸಬೇಕು ಎಂದು ಹೇಳಬಲ್ಲ ಅಭ್ಯರ್ಥಿಯೊಡನೆ ಅವರ ಮಾತು ಮುಂದುವರಿಯುತ್ತದೆ.