ಆಕಾಶ ನೋಡಬೇಡಿ, ಡ್ಯಾಮ್ ನೋಡಿ: ಛಾಯಾ ಭಗವತಿಗೆ ಹೋಗುವ ಮುನ್ನ

ಯಾದಗಿರಿ ಅಂದ ತಕ್ಷಣ ನಮ್ಮ ಕ್ಯಾಂಪಸ್‌ನಲ್ಲಿ ಎಲ್ಲರಿಗೂ ನೆನಪಾಗೋದು ಬಿಸಿಲು, ತೊಗರಿ, ಹತ್ತಿ. ಟ್ರೆಕ್ಕಿಂಗ್ ಅಂದ್ರೆ ಚಿಕ್ಕಮಗಳೂರು, ಕೊಡಗು ಅನ್ನೋರೇ ಜಾಸ್ತಿ. ಆದರೆ ಕೃಷ್ಣಾ ನದಿ ದಖನ್ನಿನ ಎತ್ತರದ ನೆಲದಿಂದ ಸುರಪುರ-ರಾಯಚೂರಿನ ಬಯಲಿಗೆ ಇಳಿಯೋದು ಇಲ್ಲೇ. ಶಹಾಪುರ, ಸುರಪುರ ದಾಟಿ ಹುಣಸಗಿ ಮೇಲೆ ನಾರಾಯಣಪುರಕ್ಕೆ ಹೋದರೆ ಬಸವಸಾಗರ ಅಣೆಕಟ್ಟು ಸಿಗುತ್ತದೆ. ಅದರ ಕೆಳಗೆ, ಯಾದಗಿರಿ ಜಿಲ್ಲೆಯ ದಡದಲ್ಲಿ ಛಾಯಾ ಭಗವತಿ ದೇವಸ್ಥಾನ. ಇನ್ನೂ ಕೆಳಗೆ, ಲಿಂಗಸುಗೂರು ತಾಲ್ಲೂಕಿನಲ್ಲಿ, ನದಿ ನಡುವೆ ಜಲದುರ್ಗದ ಕೋಟೆ. ಬ್ರಿಟಿಷರ ಕಾಲದ ಗೆಜೆಟಿಯರ್ ಪ್ರಕಾರ ಜಲದುರ್ಗದ ಹತ್ತಿರ ನದಿ ಸುಮಾರು 3 ಮೈಲಿಯಲ್ಲಿ 400 ಅಡಿಗಿಂತ ಹೆಚ್ಚು ಇಳಿಯುತ್ತದೆ. ಒಂದೇ ಜಿಗಿತದ ಜೋಗದ ಹಾಗಲ್ಲ, ಮೆಟ್ಟಿಲು ಮೆಟ್ಟಿಲಾಗಿ, ಬಂಡೆಗಳ ನಡುವೆ.

ಆ ಬಂಡೆಗಳಲ್ಲಿ ನೀರು ನಿಂತ ಗುಂಡಿಗಳೇ ಮಡುಗಳು. ಇವು ಆಗೋದು ಹೇಗೆ? ಗಟ್ಟಿ ಬಂಡೆಯ ಬಿರುಕಲ್ಲಿ ಕಲ್ಲು-ಮರಳು ಸಿಕ್ಕಿಕೊಳ್ಳುತ್ತವೆ. ಪ್ರವಾಹದ ಸುಳಿ ಅವನ್ನು ಗಿರಗಿರನೆ ತಿರುಗಿಸುತ್ತದೆ. ಸಾವಿರಾರು ವರ್ಷ ಡ್ರಿಲ್ಲಿಂಗ್ ನಡೆದರೆ ಬಂಡೆಯಲ್ಲೇ ದುಂಡನೆಯ ಗುಂಡಿ ರೆಡಿ. ಮೇಲಿಂದ ಸಣ್ಣ ಈಜುಕೊಳದಂತೆ ಕಾಣುತ್ತದೆ, ಆದರೆ ಗೋಡೆ ನುಣುಪು, ಹಿಡಿದು ಹತ್ತಲು ಏನೂ ಸಿಗಲ್ಲ. ಈಜು ಬರುವವರಿಗೂ ಮಡು ಅಪಾಯ ಆಗೋದು ಇದಕ್ಕೇ.

ಈಗ ಮುಖ್ಯ ವಿಷಯ. ಮಲೆನಾಡಿನ ಹಳ್ಳದಲ್ಲಿ ಮೋಡ ಕಂಡರೆ ಎದ್ದು ಬರಬೇಕು ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಆ ರೂಲ್ ಸಾಕಾಗಲ್ಲ. ಈ ಕಣಿವೆಗೆ ಬರುವ ನೀರಿನ ಬಹುಪಾಲು ಯಾದಗಿರಿಯ ಮಳೆಯದ್ದಲ್ಲ. ಕೃಷ್ಣೆ ಹುಟ್ಟೋದು ಮಹಾಬಲೇಶ್ವರದಲ್ಲಿ. ಕೊಯ್ನಾ, ಪಂಚಗಂಗಾ, ಘಟಪ್ರಭಾ, ಮಲಪ್ರಭಾ ಎಲ್ಲವೂ ಪಶ್ಚಿಮ ಘಟ್ಟದ ಮಳೆಯನ್ನು ಹೊತ್ತು ತಂದು ಕೃಷ್ಣೆಗೆ ಸೇರಿಸುತ್ತವೆ. ಆ ನೀರು ಆಲಮಟ್ಟಿಗೆ, ಕೂಡಲಸಂಗಮಕ್ಕೆ, ಅಲ್ಲಿಂದ ನಾರಾಯಣಪುರಕ್ಕೆ ಬರುತ್ತದೆ. ಅಂದರೆ ನಮ್ಮ ತಲೆ ಮೇಲೆ ರಣಬಿಸಿಲು ಇದ್ದಾಗಲೇ, ಎಲ್ಲೋ ಮಹಾರಾಷ್ಟ್ರದಲ್ಲಿ ಸುರಿದ ಮಳೆ ಗೇಟ್ ದಾಟಿ ಬರಬಹುದು. ಈ ಕಡೆ ಜನ "ಹೊಳಿ ಬಂದದ" ಅಂತಾರೆ. ಹೊಳೆ ಯಾವಾಗಲೂ ಅಲ್ಲೇ ಇರುತ್ತದಲ್ಲ ಅನ್ನಿಸಬಹುದು. ಅವರ ಮಾತಿನ ಅರ್ಥ ಪ್ರವಾಹ ಬಂದಿದೆ ಅಂತ.

ಎಷ್ಟು ನೀರು ಅಂತ ಲೆಕ್ಕ ಹಾಕೋಣ. 1 ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. 1,000 ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಘನ ಮೀಟರ್. ಫ್ಲೂಯಿಡ್ ಮೆಕ್ಯಾನಿಕ್ಸ್‌ನ Q = A × v ಇಲ್ಲಿ ಕೆಲಸಕ್ಕೆ ಬರುತ್ತದೆ. ವೇಗ ಸೆಕೆಂಡಿಗೆ 2 ಮೀಟರ್ ಅಂತ ಇಟ್ಟುಕೊಂಡರೆ 14 ಮೀಟರ್ ಅಗಲ, 1 ಮೀಟರ್ ಆಳದ ಹರಿವು ಸಾಕು. ಅದೇ 50,000 ಕ್ಯೂಸೆಕ್ ಬಿಟ್ಟರೆ? ವೇಗ 5 ಮೀಟರ್ ಆದರೂ 280 ಚದರ ಮೀಟರ್ ಜಾಗ ಬೇಕು: 70 ಮೀಟರ್ ಅಗಲ, 4 ಮೀಟರ್ ಆಳ. ಇಷ್ಟು ನೀರು ಇಕ್ಕಟ್ಟಾದ ಬಂಡೆಗಳ ನಡುವೆಯೇ ಹೋಗಬೇಕು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಹೊರಬಿದ್ದದ್ದು 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು. ಅಂದರೆ ಪ್ರತಿ ಸೆಕೆಂಡಿಗೆ ಐದಾರು ಒಲಿಂಪಿಕ್ ಈಜುಕೊಳದಷ್ಟು ನೀರು! ದೊಡ್ಡ ಪ್ರವಾಹ ಬಂದಾಗ ಛಾಯಾ ಭಗವತಿ ದೇವಸ್ಥಾನವೇ ಮುಳುಗುತ್ತದೆ.

ಇನ್ನೊಂದು ಮಾತು. ನದಿ ನಡುವಿನ ಬಂಡೆ ಮೇಲೆ ಫೋಟೋ ತೆಗೆಯೋರು "ನೀರು ಕಾಲಿಗೆ ಬಂದಾಗ ಎದ್ದರಾಯ್ತು" ಅಂದುಕೊಳ್ಳುತ್ತಾರೆ. ಆದರೆ ಮೊದಲು ತುಂಬೋದು ತಗ್ಗು. ಅಂದ್ರೆ ನಿಮಗೂ ದಡಕ್ಕೂ ನಡುವೆ ಇರುವ, ಬರುವಾಗ ನೀವು ಒಣಗಾಲಲ್ಲಿ ದಾಟಿದ ಕಾಲುವೆ. ಕಾಲು ಒದ್ದೆಯಾಗುವ ಮೊದಲೇ ನೀವು ನಡುಗಡ್ಡೆಯಲ್ಲಿ ಇರುತ್ತೀರಿ. ಸುರಪುರ ಭಾಗದ ನೀಲಕಂಠರಾಯನ ಗಡ್ಡಿಯಲ್ಲಿ ಊರಿಗೆ ಊರೇ ಪ್ರವಾಹದಲ್ಲಿ ಹೀಗೆ ಸಂಪರ್ಕ ಕಳೆದುಕೊಂಡದ್ದುಂಟು.

ಹಾಗಂತ ಹೋಗಲೇಬೇಡಿ ಅಂತಿಲ್ಲ. ಖಂಡಿತ ಹೋಗಿ, ಆದರೆ ಹೀಗೆ:

• ಜುಲೈನಿಂದ ಅಕ್ಟೋಬರ್‌ವರೆಗೆ ದಡದಿಂದಲೇ ನೋಡಿ. ಬಂಡೆಗಳ ಮೇಲೆ ಓಡಾಡಲು ಡಿಸೆಂಬರ್-ಜನವರಿ ಒಳ್ಳೇದು. ಏಪ್ರಿಲ್-ಮೇನಲ್ಲಿ ಕಲ್ಲು ಕಾದ ಹೆಂಚಾಗಿರುತ್ತದೆ.
• ಹೊರಡುವ ದಿನ ಪತ್ರಿಕೆಯಲ್ಲಿ ಜಲಾಶಯದ ಹೊರಹರಿವು ನೋಡಿ. ಆಲಮಟ್ಟಿಯ ಅಂಕಿಯನ್ನೂ ನೋಡಿ, ಅದು ನಾರಾಯಣಪುರದ ನಾಳೆಯ ಸುದ್ದಿ.
• ದೇವಸ್ಥಾನದವರನ್ನೋ ಮೀನು ಹಿಡಿಯುವವರನ್ನೋ ಕೇಳಿ: "ನೀರು ಬಿಟ್ಟಾರೇನ್ರೀ?" ಅವರು ಬೇಡ ಅಂದ್ರೆ ವಾದ ಮಾಡಬೇಡಿ.
• ಮಡುವಿಗೆ ಇಳಿಯಬೇಡಿ. ಒಣ ಕಾಲುವೆ ದಾಟಿ ಕೂರಬೇಡಿ. ಸೈರನ್ ಕೇಳಿದರೆ ಬ್ಯಾಗ್ ಬಿಟ್ಟು ದಡ ಹತ್ತಿ.

ಬಿಸಿಲ ನಾಡು ಅಂತ ನಾವು ಬಸ್ ಕಿಟಕಿಯಿಂದ ನೋಡಿ ಬಿಟ್ಟುಬಿಟ್ಟ ಈ ಕಡೆ, ನದಿಯೊಂದು ಗಟ್ಟಿ ಬಂಡೆಯನ್ನು ಹೇಗೆ ಕೊರೆಯುತ್ತದೆ ಅನ್ನೋದನ್ನು ಕಣ್ಣಾರೆ ನೋಡಬಹುದು. ಈ ಸಲ ಸೆಮಿಸ್ಟರ್ ರಜೆಯಲ್ಲಿ ಗೋವಾ ಪ್ಲಾನ್ ಕ್ಯಾನ್ಸಲ್ ಆದ್ರೆ (ಆಗೇ ಆಗುತ್ತೆ!), ನಾರಾಯಣಪುರದ ಬಸ್ ಹತ್ತಿ. ಹೊರಹರಿವು ನೋಡಿಕೊಂಡು.