ನರಗುಂದದಾಗ ಹತ್ತಿದ ಬೆಂಕಿ ಗಜೇಂದ್ರಗಡದಾಗ ಆರಿತು!

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೊರಟ ಬಸ್ಸು ನರಗುಂದ ನಿಲ್ದಾಣಕ್ಕೆ ತಿರುಗುವಾಗ ಅರ್ಧ ಮಂದಿ ನಿದ್ದೆಯಲ್ಲಿರುತ್ತಾರೆ. ಉಳಿದರ್ಧ ಮಂದಿ ಚಹಾದ ಕಡೆ ಕಣ್ಣು ಹಾಯಿಸುತ್ತಾರೆ. ಎದುರಿಗೆ ಎದ್ದು ನಿಂತ ಗುಡ್ಡವನ್ನು ಯಾರೂ ನೋಡುವುದಿಲ್ಲ. ದಿನಾ ಓಡಾಡುವವರನ್ನು ಕೇಳಿದರೆ, "ಅಲ್ಲೇನ್ ಐತ್ರೀ, ಬರೇ ಕಲ್ಲು" ಎಂಬ ಉತ್ತರ ತಯಾರು. ಬಾದಾಮಿ, ಪಟ್ಟದಕಲ್ಲು ನೋಡಲು ಹೊರಟ ಪರಊರಿನ ಕಾರುಗಳೂ ಇದೇ ದಾರಿಯಲ್ಲಿ ದೂಳೆಬ್ಬಿಸಿ ಹೋಗುತ್ತವೆ. ಒಂದು ಚಹಾ, ಒಂದು ಪ್ಲೇಟು ಮಿರ್ಚಿ, ಮುಗೀತು ವ್ಯಾಪಾರ.

ಆದರೆ ಆ 'ಬರೇ ಕಲ್ಲಿ'ಗೂ ಗಜೇಂದ್ರಗಡದ ಕಲ್ಲಿಗೂ ಒಂದು ಹಳೇ ಸಂಬಂಧವಿದೆ. ನರಗುಂದದ ಗುಡ್ಡದ ಮೇಲೆ ಶುರುವಾದ ಒಂದು ಜಗಳ ಪುಣೆ, ಶ್ರೀರಂಗಪಟ್ಟಣ, ಹೈದರಾಬಾದು ಮೂರನ್ನೂ ಕಣಕ್ಕಿಳಿಸಿ, ಎರಡು ವರ್ಷ ಕಾದಾಡಿಸಿ, ಕಡೆಗೆ ಗಜೇಂದ್ರಗಡದಲ್ಲಿ ರಾಜಿಯಾಯಿತು. ಈ ಎರಡು ಗುಡ್ಡಗಳ ನಡುವೆ ರೋಣ. ಮೂರೂ ಊರನ್ನು ಬಸ್ಸಿನಲ್ಲೇ ಒಂದು ದಿನದಲ್ಲಿ ಕಂಡು ಬರಬಹುದು.

ಜಗಳ ಕಪ್ಪದ್ದು. ನರಗುಂದದ ಭಾವೆ ಮನೆತನದ ವೆಂಕಟರಾವ್ ಕೊಡಬೇಕಾದ ಕಪ್ಪವನ್ನು ಟಿಪ್ಪು ಸುಲ್ತಾನ ಏರಿಸಿದ. ವೆಂಕಟರಾವ್ ಪುಣೆಯವರ ಮೊರೆ ಹೋದ. 1785ರಲ್ಲಿ ಮೈಸೂರಿನ ದಂಡು ಬಂದು ಕೋಟೆಗೆ ಮುತ್ತಿಗೆ ಹಾಕಿತು. ಪುಣೆಯ ನೆರವು ಬಂದದ್ದು ತಡವಾಗಿ. ಅಷ್ಟರೊಳಗೆ ಕೋಟೆ ಬಿತ್ತು. ವೆಂಕಟರಾವ್, ಅವನ ಕಾರಭಾರಿ ಕಾಳೋಪಂತ ಇಬ್ಬರೂ ಸೆರೆ ಹೋದರು. ಪುಣೆಯ ನಾನಾ ಫಡ್ನವೀಸ ನಿಜಾಮನನ್ನು ಜೊತೆ ಮಾಡಿಕೊಂಡು ಯುದ್ಧಕ್ಕೆ ನಿಂತ. ಬಾದಾಮಿ ಕೋಟೆಯೂ ಈ ಕಾದಾಟದಲ್ಲಿ ಸಿಕ್ಕಿತು. 1787ರಲ್ಲಿ ಗಜೇಂದ್ರಗಡ ಒಪ್ಪಂದ. ಟಿಪ್ಪು ಹಣ ಕೊಡಬೇಕು, ಬಾದಾಮಿ ಮರಾಠರಿಗೆ, ನರಗುಂದ ಮತ್ತು ಕಿತ್ತೂರು ಮೊದಲಿನ ಒಡೆಯರಿಗೆ, ಕಾಳೋಪಂತನ ಬಿಡುಗಡೆ ಎಂದೆಲ್ಲಾ ಕರಾರಾಯಿತು. ಸಾಲಿ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿದು ಹೋಗುವ ಈ ಒಪ್ಪಂದ ಎಷ್ಟು ಹುಡುಗರಿಗೆ ತಮ್ಮದೇ ತಾಲೂಕಿನದೆಂದು ಗೊತ್ತಿದೆಯೋ!

ನರಗುಂದದ ಕೋಟೆ 1674ರಲ್ಲಿ ಶಿವಾಜಿಯ ಕಾಲದಲ್ಲಿ ಎದ್ದದ್ದು ಎನ್ನುತ್ತಾರೆ. ಆದರೆ ಊರಿನ ಮಂದಿಗೆ ನೆನಪಿರುವುದು 1858. ಮಕ್ಕಳಿಲ್ಲದ ಬಾಬಾಸಾಹೇಬ ಭಾಸ್ಕರರಾವ್ ಭಾವೆ ದತ್ತಕಕ್ಕೆ ಅನುಮತಿ ಕೇಳಿದ. ಕಂಪನಿ ಸರಕಾರ ಆಗೋದಿಲ್ಲ ಅಂತು. ಮ್ಯಾಲೆ ತೋಪು, ಮದ್ದುಗುಂಡು ಒಪ್ಪಿಸಬೇಕೆಂಬ ಹುಕುಂ ಬೇರೆ. ಸಿಟ್ಟು ಒಳಗೇ ಕುದಿಯಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಮೇಲೆ ಬಾಬಾಸಾಹೇಬನ ಮಂದಿ ಬಿದ್ದು ಅವನ ತಲೆ ಕಡಿದರು. ಆ ತಲೆಯನ್ನು ನರಗುಂದಕ್ಕೆ ತಂದು ಅಗಸೆಗೆ ತೂಗು ಹಾಕಿದರು. ಎರಡು ಮೂರು ದಿನದಲ್ಲಿ ಇಂಗ್ಲಿಷರ ದಂಡು ಊರು ಹೊಕ್ಕಿತು. ತಪ್ಪಿಸಿಕೊಂಡ ಬಾಬಾಸಾಹೇಬ ತೋರಗಲ್ಲಿನ ಅಡವಿಯಲ್ಲಿ ಸಿಕ್ಕಿಬಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ಸುರೇಬಾನದ ರಾತ್ರಿಯಿಂದ ಬೆಳಗಾವಿಯ ಗಲ್ಲಿನವರೆಗೆ ಬರೋಬ್ಬರಿ ಹದಿನಾಲ್ಕು ದಿನ. ಅದೇ ಹೊತ್ತಿಗೆ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಮಡಿದಿದ್ದ.

ಇದು ಹಳೇ ಕಥಿ ಅಂದರೆ, ಹೊಸದೂ ಒಂದಿದೆ. 1980ರ ಜುಲೈ 21. ಸವದತ್ತಿ ಹತ್ತಿರದ ನವಿಲುತೀರ್ಥದ ಮಲಪ್ರಭಾ ಅಣೆಕಟ್ಟಿನ ಕಾಲುವೆ ನೀರು ಎಷ್ಟೋ ಹೊಲಗಳಿಗೆ ಸರಿಯಾಗಿ ಮುಟ್ಟಿರಲಿಲ್ಲ. ಆದರೆ ಬೆಟರ್‌ಮೆಂಟ್ ಲೆವಿ ಎಂಬ ಕರದ ನೋಟಿಸು ಮಾತ್ರ ಮನೆ ಬಾಗಿಲಿಗೆ ಮುಟ್ಟಿತ್ತು. ರೈತರು ಕಚೇರಿ ಮುಂದೆ ಕೂತರು. ಗದ್ದಲವಾಗಿ ಗೋಲಿಬಾರ್ ಆಯಿತು. ನರಗುಂದದಲ್ಲಿ ಚಿಕ್ಕನರಗುಂದದ ರೈತ ಈರಪ್ಪ ಕಡ್ಲಿಕೊಪ್ಪ ಬಿದ್ದ. ಆ ದಿನ ಪೊಲೀಸರೂ ಜೀವ ಕಳಕೊಂಡರು. ನವಲಗುಂದದಲ್ಲೂ ಗುಂಡು ಹಾರಿತು. ಅಲ್ಲಿಂದ ಎದ್ದ ಚಳವಳಿ ರಾಜ್ಯವೆಲ್ಲ ಹಬ್ಬಿ, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಪ್ರತಿ ಜುಲೈ 21ಕ್ಕೆ ರೈತರು ನರಗುಂದದ ಹುತಾತ್ಮರ ವೀರಗಲ್ಲಿಗೆ ಬಂದು ಹೂ ಏರಿಸುತ್ತಾರೆ. 2015ರಲ್ಲಿ ಮಹದಾಯಿ ನೀರಿಗಾಗಿ ಪೆಂಡಾಲು ಬಿದ್ದದ್ದೂ ಈ ಊರಿನಲ್ಲೇ. ಕಪ್ಪ, ದತ್ತಕ, ಕರ, ನೀರು. ಹೆಸರು ಬೇರೆ ಬೇರೆ, ಗುಡ್ಡ ಅದೇ.

ಗುಡ್ಡ ಹತ್ತುವವರು ಬೆಳಿಗ್ಗೆ ಬಿಸಿಲೇರುವುದರೊಳಗೆ ಹತ್ತಬೇಕು. ಮ್ಯಾಲೆ ನೆರಳು ಕಡಿಮೆ, ಕುಡಿಯುವ ನೀರು ಕೈಯಲ್ಲೇ ಇರಬೇಕು. ಪಾಳು ಗೋಡೆ, ಹಾಳು ಹೊಂಡ ಬಿಟ್ಟರೆ ಅರಮನೆಯಂಥದ್ದೇನೂ ಸಿಗುವುದಿಲ್ಲ. ಸಿಗುವುದು ನೋಟ. ಸುತ್ತ ಕಣ್ಣು ಹಾಯುವಷ್ಟು ದೂರ ಎರಿ ಭೂಮಿ, ನಡುವೆ ಹುಬ್ಬಳ್ಳಿ ರಸ್ತೆ. ದಂಡು ಬರುವುದು ಎಷ್ಟು ದೂರದಿಂದ ಕಾಣುತ್ತಿತ್ತು ಎಂಬುದು ಮ್ಯಾಲೆ ನಿಂತಾಗಲೇ ತಿಳಿಯುತ್ತದೆ.

ರೋಣದ ರಸ್ತೆ ಈ ಎರಿ ಹೊಲಗಳ ನಡುವೆಯೇ. ಮಳೆಗಾಲದಲ್ಲಿ ಬೆಣ್ಣಿಹಳ್ಳದ ಸುದ್ದಿ ಕೇಳಿಕೊಂಡು ಹೊರಡುವುದು ಶಾಣ್ಯಾತನ. ಹಿಂಗಾರಿಯಲ್ಲಿ ಬಂದರೆ ಎರಡೂ ಕಡೆ ಬಿಳಿಜೋಳ, ಕಡಲೆ, ಕುಸುಬಿ. ಎಳ್ಳ ಅಮಾಸಿಗೆ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮಂದಿ, ಅದೇ ಬುತ್ತಿಯನ್ನು ಇನ್ನೊಂದು ದಿನ ಕಟ್ಟಿಕೊಂಡು ಇತ್ತ ಬರಲು ಏನಡ್ಡಿ?

ರೋಣಕ್ಕೆ ದ್ರೋಣಪುರ ಎಂಬ ಹೆಸರಿತ್ತು ಎಂದು ಹಿರಿಯರು ಹೇಳುತ್ತಾರೆ. ದ್ರೋಣ ಬಂದಿದ್ದನೋ ಇಲ್ಲವೋ, ಹಳೇ ಕಾಲದ ಶಿಲ್ಪಿಗಳಂತೂ ಬಂದಿದ್ದರು. ಅನಂತಶಯನ, ಲೋಕನಾಥ, ಮಲ್ಲಿಕಾರ್ಜುನ, ಪಾರ್ಶ್ವನಾಥ ಎಂದು ಊರಿನ ಕರಿಕಲ್ಲಿನ ಗುಡಿಗಳ ಹೆಸರನ್ನು ಇಂಗ್ಲಿಷರ ಕಾಲದ ಗೆಜೆಟಿಯರೇ ಬರೆದಿಟ್ಟಿದೆ. ತಹಶೀಲ್ದಾರ ಕಚೇರಿ ಕೆಲಸಕ್ಕೆ ಬಂದು, ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದು ಕಟ್ಟೆ ಮೇಲೆ ಕೂಡುವವರಿಗೆ ಇದಕ್ಕಿಂತ ಒಳ್ಳೆ ತಿರುಗಾಟ ಇಲ್ಲ.

ಆದರೆ ಈ ಭಾಗದಲ್ಲಿ ಕಣ್ಣರಳಿಸಿ ನೋಡಬೇಕಾದದ್ದು ಸೂಡಿ. ಬಾದಾಮಿ ಮತ್ತು ಗಜೇಂದ್ರಗಡದ ನಡುವಿನ ಈ ಹಳ್ಳಿ ಸಾವಿರ ವರ್ಷದ ಹಿಂದೆ ರಾಜಧಾನಿ. ಆಳಿದವಳು ಹೆಣ್ಣುಮಗಳು. ಕಲ್ಯಾಣ ಚಾಲುಕ್ಯರ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಇಲ್ಲಿಂದ ಆಳಿದಳು. ಬರೇ ಸಿಂಹಾಸನದ ಮ್ಯಾಲೆ ಕೂತವಳಲ್ಲ. 1047ರಲ್ಲಿ ಗೋಕಾಕ ಕೋಟೆಗೆ ಮುತ್ತಿಗೆ ಹಾಕಿದವಳು, ರಣಭೈರವಿ ಎನಿಸಿಕೊಂಡವಳು. ಸೂಡಿಯಲ್ಲಿ ಟಂಕಸಾಲೆಯಿತ್ತು, ಅಂದರೆ ನಾಣ್ಯ ಅಚ್ಚು ಹಾಕುವ ಜಾಗ. ಗಲ್ಲಾಪೆಟ್ಟಿಗೆ ಮುಂದೆ ಕೂತ ಅಂಗಡಿಕಾರರು ಇದನ್ನು ನೆನಪಿಡಬೇಕು!

ದಂಡನಾಯಕ ನಾಗದೇವ 1060ರ ಹೊತ್ತಿಗೆ ಕಟ್ಟಿಸಿದ ಜೋಡು ಕಳಸದ ಗುಡಿಯಲ್ಲಿ ಎರಡು ಗರ್ಭಗುಡಿ ಎದುರುಬದರು, ಎರಡು ಶಿಖರ. ಮಲ್ಲಿಕಾರ್ಜುನನ ಗುಡಿ ಬೇರೆ ಇದೆ. ಬಯಲಿನ ಮಂಟಪದಲ್ಲಿ ದೊಡ್ಡ ಗಣಪತಿ, ದೊಡ್ಡ ಲಿಂಗ. ಅದೆಲ್ಲಕ್ಕಿಂತ ಮನಸ್ಸು ಹಿಡಿಯುವುದು ನಾಗಕುಂಡ. ಸುತ್ತ ಮೆಟ್ಟಿಲು ಇಳಿದ, ಗೋಡೆಗೆ ಗೋಪುರ ಕೆತ್ತಿದ ಕಲ್ಲಿನ ಹೊಂಡ. ನೀರಿಗೆ ಇಷ್ಟು ಚಂದದ ಮನೆ ಕಟ್ಟಿದ್ದ ಸೀಮೆಯ ಮಂದಿ ಸಾವಿರ ವರ್ಷದ ಮೇಲೆ ನೀರಿಗಾಗಿ ನರಗುಂದದಲ್ಲಿ ಧರಣಿ ಕೂಡಬೇಕಾಯಿತು.

ಸೂಡಿಗೆ ಬಂದವರು ಸಮೀಪದ ಇಟಗಿಗೂ ಹೋಗಬಹುದು. ಇಲ್ಲೊಂದು ಕಿವಿಮಾತು. ಇಟಗಿ ಎರಡಿವೆ. ಭೀಮಾಂಬಿಕೆಯ ಇಟಗಿ ಇತ್ತ. 1112ರ ಮಹಾದೇವ ದೇವಾಲಯದ ಇಟಗಿ ಅತ್ತ ಕೊಪ್ಪಳ ಜಿಲ್ಲೆಯಲ್ಲಿ. "ಇಟಗಿ ಒಂದು ಕೊಡ್ರಿ" ಎಂದಷ್ಟೇ ಟಿಕೆಟ್ ಕೇಳಿ ಕೂತರೆ, ಯಾವ ದೇವರು ಕರೆಸಿಕೊಂಡರೋ ಆ ದೇವರ ದರ್ಶನ.

ಗುಡಿ ಗೋಡೆಗೆ ಕುಳ್ಳು ಬಡಿಯುವುದು, ಮಂಟಪದೊಳಗೆ ಕಣಿಕಿ ಒಟ್ಟುವುದು, ಇದ್ದಿಲಿನಿಂದ ಹೆಸರು ಬರೆಯುವುದು ಈ ಸೀಮೆಗೆ ಹೊಸದಲ್ಲ. ಇಲಾಖೆಯ ಫಲಕ ನೆಟ್ಟರೆ ಇದು ನಿಲ್ಲುವುದಿಲ್ಲ. ನೋಡುವ ಮಂದಿ ಬರತೊಡಗಿದರೆ ಕಣಿಕಿ ತಾನೇ ಜಾಗ ಬಿಡುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಇಲ್ಲವಾದ ಮೇಲೆ ದೊಡ್ಡ ದೊಡ್ಡ ಕ್ಷೇತ್ರಗಳಲ್ಲಿ ಕಾಲಿಡಲು ಜಾಗವಿಲ್ಲ. ಆ ಗದ್ದಲದಲ್ಲಿ ನಾಕಾಣೆ ಪಾಲು ಇತ್ತ ತಿರುಗಿದರೂ ಮೂರೂ ಊರಿನ ಖಾನಾವಳಿಗಳ ಒಲೆ ಮಧ್ಯಾಹ್ನ ಆರುವುದಿಲ್ಲ. ಬಸ್ ನಿಲ್ದಾಣದಲ್ಲಿ ಒಂದು ಹಲಗೆ ಮೇಲೆ ಏನೇನಿದೆ, ಎಷ್ಟು ದೂರ, ಯಾವ ಬಸ್ಸು ಎಂದು ಬರೆಸಲು ಊರಿನ ವರ್ತಕರಿಗೆ ಎಷ್ಟು ಖರ್ಚಾದೀತು?

ಸಂಜೆಗೆ ಗಜೇಂದ್ರಗಡ. ಗುಡ್ಡ ಮಲಗಿದ ಆನೆಯಂತೆ ಕಾಣುತ್ತದೆ, ಹೆಸರು ಬಂದದ್ದೇ ಅದರಿಂದ ಎನ್ನುತ್ತಾರೆ. ಘೋರ್ಪಡೆಯವರ ಕಾಲದ ಕೋಟೆ ಮ್ಯಾಲಿದೆ. ಗುಡ್ಡದ ಮಗ್ಗುಲಲ್ಲಿ ಮೆಟ್ಟಿಲು ಏರಿ ಹೋದರೆ ಕಾಲಕಾಲೇಶ್ವರ. ಬಂಡೆಯ ಸಂದಿನಿಂದ ಬೇಸಿಗೆಯಲ್ಲೂ ನಿಲ್ಲದೆ ಹೊಂಡಕ್ಕೆ ಬೀಳುವ ನೀರನ್ನು ಅಂತರಗಂಗೆ ಎನ್ನುತ್ತಾರೆ. ಯುಗಾದಿಯ ಹಿಂದಿನ ರಾತ್ರಿ ಸುಣ್ಣ, ಕುಂಚ ಇಟ್ಟು ಬಂದರೆ ಬೆಳಗಾಗುವುದರೊಳಗೆ ಗುಡಿಗೆ ತಾನಾಗಿ ಸುಣ್ಣ ಬಳಿದಿರುತ್ತದೆ ಎಂಬುದು ಭಕ್ತರ ನಂಬಿಕೆ. ನಂಬದವರಿಗೂ ಆ ನೀರಿನ ತಂಪು ಸುಳ್ಳಲ್ಲ. ಸುತ್ತಲ ಗುಡ್ಡದ ಮೇಲೆ ಈಗ ಗಾಳಿಯಂತ್ರಗಳ ಸಾಲು. 1787ರಲ್ಲಿ ಯಾರ ಬಾವುಟ ಹಾರಬೇಕೆಂದು ಜಗಳಾಡಿದ ಗಾಳಿಯಲ್ಲಿ ಇವತ್ತು ಕರೆಂಟು ಹುಟ್ಟುತ್ತಿದೆ.

ಕೆಳಗಿಳಿದರೆ ನೇಕಾರರ ಊರು. ಎರಡೂ ಮಗ್ಗುಲು ಉಡಲು ಬರುವ ಪಟ್ಟೇದಂಚಿನ ಕೈಮಗ್ಗದ ನೂಲಿನ ಸೀರೆ ಇಲ್ಲಿಯದು. ಜೊತೆಗೆ ಬಂದ ಮನೆಯವರು ಅಂಗಡಿ ಹೊಕ್ಕರೆ ಹೊರಬರುವುದು ತಡ. ಅದಕ್ಕೇ ಗದಗಿಗೆ, ರೋಣಕ್ಕೆ ಕಡೆಯ ಬಸ್ಸು ಎಷ್ಟು ಗಂಟೆಗೆ ಎಂದು ನಿಲ್ದಾಣದ ಕಂಟ್ರೋಲರನ್ನು ಕೇಳಿಕೊಂಡೇ ಗುಡ್ಡ ಹತ್ತಬೇಕು.