ಛತ್ರದ ಅಂಗಳದ ನಾಯಿ

ಡಚ್ ಕಲಾವಿದ ರೆಂಬ್ರಾಂಟ್ 1633ರಲ್ಲಿ ಮಾಡಿದ ‘ಒಳ್ಳೆಯ ಸಮಾರ್ಯದವನು’ ಎಂಬ ಎಚಿಂಗ್‌ನ ಎತ್ತರ ಒಂದು ಗೇಣಿಗಿಂತ ತುಸು ಹೆಚ್ಚು, ಅಷ್ಟೇ. ಕಥೆ ಲೂಕನ ಸುವಾರ್ತೆಯದು: ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದಿದ್ದವನನ್ನು ಪರಕುಲದವನೊಬ್ಬ ಛತ್ರಕ್ಕೆ ಕರೆತಂದು, ಆರೈಕೆಗೆ ಹಣವನ್ನೂ ಕೊಡುತ್ತಾನೆ. ಚಿತ್ರದಲ್ಲಿ ಆಳೊಬ್ಬ ಗಾಯಾಳುವನ್ನು ಕುದುರೆಯಿಂದ ಇಳಿಸುತ್ತಿದ್ದಾನೆ. ಉಪಕಾರಿ ಮೆಟ್ಟಿಲ ಮೇಲೆ, ನಮಗೆ ಬೆನ್ನು ಮಾಡಿ, ಛತ್ರದ ಮುದುಕನೊಡನೆ ಮಾತಾಡುತ್ತಿದ್ದಾನೆ. ಗಾರೆ ಉದುರಿದ ಗೋಡೆ; ಹಿಂದೆ ಬಾವಿಯಲ್ಲಿ ನೀರು ಸೇದುವ ಹೆಂಗಸು; ಕಿಟಕಿಯಲ್ಲಿ ಗರಿಟೋಪಿಯ ಯುವಕ. ಎಲ್ಲಕ್ಕಿಂತ ಮುಂದೆ, ನೋಡುವವರಿಗೆ ತೀರಾ ಹತ್ತಿರದಲ್ಲಿ, ಮಲ ವಿಸರ್ಜಿಸುತ್ತ ಕೂತ ನಾಯಿ.

ಹಳೆಯ ಮುದ್ರಣಚಿತ್ರಗಳಲ್ಲಿ ನಾಯಿಯೆಂದರೆ ನಿಷ್ಠೆ, ಪಾಳುಗೋಡೆಯೆಂದರೆ ನಶ್ವರತೆ ಎಂದು ನಿಘಂಟು ತೆರೆದವರಂತೆ ಅರ್ಥ ಹೇಳುವ ರೂಢಿಯಿದೆ. ಈ ನಾಯಿಯ ಮುಂದೆ ಆ ರೂಢಿ ನಡೆಯದು. ನಿತ್ಯದ ದೃಶ್ಯಕ್ಕೆ ಅರ್ಥ ಹುಟ್ಟುವುದು ಅದರ ಜಾಗದಿಂದ, ನೆರೆಹೊರೆಯಿಂದ ಎಂಬುದು ನನ್ನ ವಾದ. ಪಕ್ಕದಲ್ಲೇ ನಡೆದಿರುವ ಪುಣ್ಯಕಾರ್ಯದ ಪರಿವೆ ನಾಯಿಗೂ ಇಲ್ಲ, ಬಾವಿಯ ಹೆಂಗಸಿಗೂ ಇಲ್ಲ. ತನ್ನ ಪಾಡಿಗೆ ತಾನಿರುವ ಹೊಲಸು ಅಂಗಳದಲ್ಲಿ ಕರುಣೆ ನಡೆದುಹೋಗುತ್ತಿದೆ. ಮಾಡುವವನಿಗೆ ಪ್ರಭೆಯಿಲ್ಲ, ಮುಖವೂ ಕಾಣದು. ಡಚ್ಚರು ಕಂಡದ್ದನ್ನು ಕಂಡಂತೆ ಬರೆದರು, ಇದರಲ್ಲಿ ಸಂಕೇತವೆಲ್ಲಿ ಎಂದು ಕೇಳಬಹುದು. ಬಲವಾದ ಆಕ್ಷೇಪವೇ. ಆದರೆ ರೆಂಬ್ರಾಂಟ್ ಹೆಸರಿನಲ್ಲಿರುವ 1630ರ ಪುಟ್ಟ ತೈಲಚಿತ್ರವೊಂದು ಲಂಡನ್ನಿನ ವಾಲೇಸ್ ಸಂಗ್ರಹದಲ್ಲಿದೆ: ಇದೇ ಛತ್ರ, ಇದೇ ಮೆಟ್ಟಿಲು, ಇದೇ ಕುದುರೆ. ನಾಯಿ ಮಾತ್ರ ಇಲ್ಲ. ಎಚಿಂಗ್‌ನಲ್ಲಿ ಏನೂ ತಾನಾಗಿ ಬಂದು ಕೂರುವುದಿಲ್ಲ. ತಾಮ್ರದ ತಗಡಿಗೆ ಮೇಣ ಬಳಿದು ಸೂಜಿಯಿಂದ ಗೀರಬೇಕು, ಗೀರಿದಲ್ಲಿ ಆಮ್ಲ ತಾಮ್ರವನ್ನು ತಿನ್ನಬೇಕು, ಆ ತಗ್ಗುಗಳಿಗೆ ಮಸಿ ತುಂಬಿ ಕಾಗದಕ್ಕೆ ಒತ್ತಬೇಕು. ಆಮ್‌ಸ್ಟರ್‌ಡಾಮಿನಲ್ಲಿ ಆತ 1639ರಿಂದ 1658ರವರೆಗೆ ಬಾಳಿದ ಮನೆ ಈಗ ವಸ್ತುಸಂಗ್ರಹಾಲಯ; ಈ ಕೆಲಸವನ್ನು ಅಲ್ಲಿ ಮಾಡಿ ತೋರಿಸುತ್ತಾರೆ. ಅದರ ಕ್ರಮ ತಿಳಿದವರು ನಾಯಿಯನ್ನು ಆಕಸ್ಮಿಕ ಎನ್ನಲಾರರು.

ಅರ್ಥ ಹುಡುಕುವ ಉತ್ಸಾಹ ದಾರಿ ತಪ್ಪಿಸುವುದೂ ಉಂಟು. ಜರ್ಮನ್ ಕವಿ ಗಯಟೆ ಕೊನೆಗಾಲದಲ್ಲಿ ಈ ಚಿತ್ರದ ಬಗ್ಗೆ ಬರೆಯುತ್ತ, ಕಿಟಕಿಯ ಯುವಕನೇ ಕಳ್ಳರ ನಾಯಕ, ಗಾಯಾಳು ಅವನನ್ನು ಗುರುತಿಸಿ ನಡುಗುತ್ತಿದ್ದಾನೆ ಎಂದ. ಎಂಥ ಕಲ್ಪನೆ! ಆದರೆ ಕಥೆಯಲ್ಲಾಗಲಿ ಚಿತ್ರದಲ್ಲಾಗಲಿ ಅದಕ್ಕೆ ಆಧಾರವಿಲ್ಲ. ಹಾಗೆಂದು ಯುವಕ ಬರೀ ಅಲಂಕಾರವೂ ಅಲ್ಲ. ಕಿಟಕಿಗೆ ಒರಗಿದ್ದಾನೆ, ಹೊರಗೆ ಬರುವ ಲಕ್ಷಣವಿಲ್ಲ. ಲೂಕನ ಕಥೆಯಲ್ಲಿ ದಾರಿಯಲ್ಲಿ ಬಿದ್ದವನನ್ನು ಕಂಡೂ ಆಚೆ ಸರಿದುಹೋದ ಯಾಜಕನ, ದೇಗುಲಸೇವಕ ಲೇವಿಯನ ಸಾಲಿಗೆ ಸೇರಲು ಅವನಿಗೆ ಅಷ್ಟು ಸಾಕು.